ಊರಿನ ನೀರಿನ ಲೆಕ್ಕವನ್ನು ಗ್ರಾಮಸಭೆಯ ಠರಾವಾಗಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದ್ದೇನೆ. ಕಾಲೇಜು ಮುಗಿಸಿದ ನಾಲ್ಕೈದು ಹುಡುಗ ಹುಡುಗಿಯರು ಸೇರಿ ಮೊಬೈಲ್‌ನಲ್ಲಿ ನಲವತ್ತು ಪ್ರಶ್ನೆಗಳ ಸಮೀಕ್ಷೆ ಸಿದ್ಧಪಡಿಸುತ್ತಾರೆ. ಬಿಸಿಲಿನಲ್ಲಿ ಇನ್ನೂರು ಮನೆ ಸುತ್ತುತ್ತಾರೆ. ಬಣ್ಣದ ಚಿತ್ರಪಟ ಮುದ್ರಿಸಿ ಗ್ರಾಮಸಭೆಗೆ ಒಯ್ಯುತ್ತಾರೆ. ಅಧ್ಯಕ್ಷರು ಚಪ್ಪಾಳೆ ತಟ್ಟಿಸುತ್ತಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ಆರು ತಿಂಗಳು ಕಳೆದರೂ ಕೊನೆಯ ಓಣಿಗೆ ನೀರು ಬರುವುದು ಐದು ದಿನಕ್ಕೊಮ್ಮೆಯೇ.

ಆ ಮಕ್ಕಳ ಶ್ರಮದಲ್ಲಿ ಕೊರತೆ ಇರಲಿಲ್ಲ. ಆದರೆ ಅವರು ಒಯ್ದ ಹಾಳೆಯಲ್ಲಿ ಪಂಚಾಯಿತಿ ಮರುದಿನ ಬೆಳಿಗ್ಗೆ ಎದ್ದು ಮಾಡಬಹುದಾದ ಒಂದೇ ಒಂದು ಕೆಲಸದ ಹೆಸರಿರಲಿಲ್ಲ. ‘ಬಹುಪಾಲು ಜನರಿಗೆ ನೀರಿನ ತೊಂದರೆ ಇದೆ’ ಎಂಬ ಮಾತು ಎಲ್ಲರಿಗೂ ಮೊದಲೇ ಗೊತ್ತು. ಯಾವ ವಾಲ್ವ್, ಯಾವ ಓಣಿ, ಎಷ್ಟು ದಿನ, ಎಷ್ಟು ನೀರು ಎಂದು ಹೇಳಿದಾಗಲೇ ಠರಾವು, ಅಂದರೆ ಸಭೆಯ ನಿರ್ಣಯ, ಬರೆಯಲು ಬರುತ್ತದೆ. ಹೀಗಾಗಿ ಇಲ್ಲಿ ಹೇಳುವ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನವರು ಸೋಲುವುದು ಕ್ರಮ ತಪ್ಪಿದ್ದರಿಂದ.

ಬೇಕಾಗುವ ಸಾಮಗ್ರಿ

ಇನ್ನೂರು ಪುಟದ ನೋಟ್‌ಬುಕ್, ನೋಂದಣಿ ಬರೆಯುವ ಪ್ರತಿ ಮನೆಗೂ ಒಂದು ಮುದ್ರಿತ ಹಾಳೆ ಮತ್ತು ದಾರ ಕಟ್ಟಿದ ಪೆನ್ನು, ಅಳತೆ ಗೊತ್ತಿರುವ 15 ಲೀಟರಿನ ಬಕೆಟ್, ಸ್ಟಾಪ್‌ವಾಚ್ ಇರುವ ಮೊಬೈಲ್, ಒಂದು ಡಬ್ಬಿ ಬಿಳಿ ಪೇಂಟ್. ಗಣಕಯಂತ್ರ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ತಂಡದಲ್ಲಿ ಐದಾರು ಜನ ಸಾಕು. ಅದರಲ್ಲಿ ಕನಿಷ್ಠ ಮೂವರು ಪ್ರತಿದಿನ ನೀರು ತುಂಬುವ ಮಹಿಳೆಯರಾಗಿರಬೇಕು. ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು ಎಂಬುದು ಅವರಷ್ಟು ನಿಖರವಾಗಿ ಮನೆಯ ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಹಂತ 1: ಒಂದೇ ಪ್ರಶ್ನೆ ಆರಿಸಿಕೊಳ್ಳಿ

ನೀರು, ಗಟಾರ, ಬೀದಿದೀಪ, ರಸ್ತೆ ಎಲ್ಲವನ್ನೂ ಒಟ್ಟಿಗೆ ಅಳೆಯಲು ಹೋಗಬೇಡಿ. ಮೊದಲ ವರ್ಷಕ್ಕೆ ಒಂದೇ ಪ್ರಶ್ನೆ ಸಾಕು: ‘ಯಾವ ವಾಲ್ವ್‌ನ ಮನೆಗಳಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ನೀರು ಬರುತ್ತದೆ?’

ಪ್ರಶ್ನೆ ಆರಿಸುವಾಗ ಅದಕ್ಕೆ ಉತ್ತರ ಕೊಡುವ ಅಧಿಕಾರ ಯಾರದ್ದೆಂದು ನೋಡಿಕೊಳ್ಳಿ. ಊರಿನೊಳಗಿನ ಪೈಪು, ವಾಲ್ವ್, ಮೋಟಾರು ದುರಸ್ತಿ, ನೀರು ಬಿಡುವ ಸರದಿ ಗ್ರಾಮ ಪಂಚಾಯಿತಿಯ ಕೈಯಲ್ಲಿವೆ. ತುಂಗಭದ್ರೆಯಿಂದಲೋ ಮಲಪ್ರಭೆಯಿಂದಲೋ ಬರುವ ಬಹುಗ್ರಾಮ ಯೋಜನೆಯ ನೀರು ಊರಿನ ಟಾಕಿಗೇ (ನೀರಿನ ತೊಟ್ಟಿಗೇ) ಬರುತ್ತಿಲ್ಲ ಎಂದಾದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್ ಬಳಿ ಹೋಗಬೇಕು. ಮೂರು ಫೇಸ್ ವಿದ್ಯುತ್ ಸಿಗುತ್ತಿಲ್ಲ ಎಂದಾದರೆ ಹೆಸ್ಕಾಂ. ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಮೂರು ಕಚೇರಿಗಳೂ ಅದನ್ನು ಇನ್ನೊಂದು ಕಚೇರಿಯದ್ದೆಂದು ಬದಿಗಿಡುತ್ತವೆ.

ಹಂತ 2: ಪಂಚಾಯಿತಿಯಲ್ಲಿ ಈಗಾಗಲೇ ಇರುವ ದಾಖಲೆ ನೋಡಿ

ಹೊಸ ಲೆಕ್ಕ ಶುರು ಮಾಡುವ ಮೊದಲು ಎರಡು ದಿನ ಹಳೆಯ ಲೆಕ್ಕಕ್ಕೆ ಕೊಡಿ. ಕೇಂದ್ರ ಸರ್ಕಾರದ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ ನಿಮ್ಮ ಪಂಚಾಯಿತಿಯ ವಾರ್ಷಿಕ ಯೋಜನೆಯೂ ಹಣ ಪಾವತಿಯ ವಿವರವೂ ಕಾಣುತ್ತವೆ. ಲಾಗಿನ್ ಬೇಕಿಲ್ಲ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಪಂಚಾಯಿತಿಗೆ ಬಂದ ಮೂಲ ಅನುದಾನದ ಶೇ 60 ಭಾಗ ನಿರ್ಬಂಧಿತ ಅನುದಾನವಾಗಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ನಿಮ್ಮ ಊರಿನಲ್ಲಿ ಆ ನೀರಿನ ಪಾಲು ಯಾವ ಕಾಮಗಾರಿಗೆ ಹೋಯಿತೆಂದು ಪಟ್ಟಿ ಮಾಡಿಕೊಳ್ಳಿ. ‘ಮೋಟಾರು ದುರಸ್ತಿ’ ಒಂದೇ ವರ್ಷದಲ್ಲಿ ಹಲವು ಬಾರಿ ಕಂಡರೆ ಅದರ ಪಕ್ಕದಲ್ಲಿ ಗುರುತು ಹಾಕಿ. ಅದು ತಪ್ಪೇ ಆಗಿರಬೇಕೆಂದಿಲ್ಲ. ವಿದ್ಯುತ್ ಏರಿಳಿತಕ್ಕೆ ಮೋಟಾರಿನ ವೈಂಡಿಂಗ್ ಪದೇ ಪದೇ ಸುಡುವ ಊರುಗಳಿವೆ.

ಜೊತೆಗೆ ಕೊಳವೆಬಾವಿಯ ವಿದ್ಯುತ್ ಬಿಲ್ ಕೇಳಿ ಪಡೆಯಿರಿ. 5 ಎಚ್‌ಪಿ ಮೋಟಾರು ಗಂಟೆಗೆ ಸುಮಾರು ನಾಲ್ಕೂವರೆ ಯೂನಿಟ್ ಎಳೆಯುತ್ತದೆ. ತಿಂಗಳಿಗೆ 900 ಯೂನಿಟ್ ಬಿಲ್ ಬಂದಿದ್ದರೆ ಮೋಟಾರು ಸುಮಾರು 200 ಗಂಟೆ, ಅಂದರೆ ದಿನಕ್ಕೆ ಆರೂವರೆ ಗಂಟೆಗೂ ಹೆಚ್ಚು ಓಡಿದೆ. ಅಷ್ಟು ಓಡಿಯೂ ಟಾಕಿ ತುಂಬುತ್ತಿಲ್ಲವೆಂದರೆ ಅಂತರ್ಜಲ ಇಳಿದಿರಬೇಕು, ಪಂಪು ಸವೆದಿರಬೇಕು ಅಥವಾ ದಾರಿಯಲ್ಲಿ ಪೈಪು ಸೋರುತ್ತಿರಬೇಕು. ಬಿಲ್ಲಿನ ಒಂದು ಹಾಳೆ ಇಷ್ಟನ್ನು ಹೇಳಿಬಿಡುತ್ತದೆ.

ಹಂತ 3: ವಾಲ್ವ್ ಪ್ರಕಾರ ನಕಾಶೆ ಬರೆಯಿರಿ

ವಾರ್ಡ್ ಪ್ರಕಾರ ಲೆಕ್ಕ ಹಾಕುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಒಂದು ವಾಲ್ವ್ ತೆರೆದರೆ ಎರಡು ವಾರ್ಡಿನ ಅರ್ಧರ್ಧ ಓಣಿಗೆ ನೀರು ಹೋಗಬಹುದು.

ವಾಟರ್‌ಮನ್, ಅಂದರೆ ನಿಮ್ಮ ಊರಿನ ನೀರುಗಂಟಿಯ ಜೊತೆ ಒಂದು ಮುಂಜಾನೆ ನಡೆದು ಬನ್ನಿ. ಟಾಕಿಯಿಂದ ಶುರು ಮಾಡಿ ಪ್ರತಿ ವಾಲ್ವ್‌ನ ಗುಂಡಿಯನ್ನು ನೋಡಿ ಸಂಖ್ಯೆ ಕೊಡಿ. ಗುಂಡಿಯ ಕಲ್ಲಿನ ಮೇಲೆ ಬಿಳಿ ಪೇಂಟ್‌ನಲ್ಲಿ ಆ ಸಂಖ್ಯೆ ಬರೆಯಿರಿ. ಪ್ರತಿ ವಾಲ್ವ್‌ನಿಂದ ನೀರು ಯಾವ ಮನೆಗೆ ಮೊದಲು, ಯಾವ ಮನೆಗೆ ಕೊನೆಗೆ ತಲುಪುತ್ತದೆ ಎಂದು ಅವರನ್ನೇ ಕೇಳಿ. ಕೈಯಲ್ಲಿ ಬರೆದ ನಕಾಶೆ ಸಾಕು: ಅಗಸಿ (ಊರಬಾಗಿಲು), ಗುಡಿ, ಶಾಲೆ, ಅಂಗನವಾಡಿ ಗುರುತಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಕೊನೆಯ ವಾಲ್ವ್ ಯಾವ ಕೇರಿಗೆ ಹೋಗುತ್ತದೆ ಎಂಬುದನ್ನು ಕಣ್ಣು ತಪ್ಪಿಸದೆ ಬರೆದುಕೊಳ್ಳಿ. ಅನೇಕ ಊರುಗಳಲ್ಲಿ ಪೈಪಿನ ಕೊನೆಯೂ ಊರಿನ ಅಂಚಿಗೆ ದೂಡಲ್ಪಟ್ಟವರ ಮನೆಯೂ ಒಂದೇ ಕಡೆ ಇರುತ್ತವೆ.

ಹಂತ 4: ನೋಂದಣಿ ಹಾಳೆ ಇಡಿ

ಇದೇ ಇಡೀ ಕೆಲಸದ ತಳಪಾಯ. ನಿಧಾನವಾಗಿ ಮಾಡಿ.

ಪ್ರತಿ ವಾಲ್ವ್‌ಗೆ ಮೂರು ಮನೆ ಆರಿಸಿ: ವಾಲ್ವ್‌ಗೆ ಹತ್ತಿರದ್ದೊಂದು, ನಡುವಿನದ್ದೊಂದು, ಕೊನೆಯದ್ದೊಂದು. ನಿಮ್ಮ ಪರಿಚಯದ ಮನೆಗಳನ್ನೇ ಆರಿಸಬೇಡಿ. ಪ್ರತಿ ಮನೆಯ ಬಚ್ಚಲಿನ ಗೋಡೆಗೋ ನಳದ ಪಕ್ಕದ ಕಿಟಕಿಗೋ ಒಂದು ಹಾಳೆ ತೂಗುಹಾಕಿ. ಅದರಲ್ಲಿ ಐದೇ ಅಂಕಣಗಳಿರಲಿ: ದಿನಾಂಕ, ವಾಲ್ವ್ ಸಂಖ್ಯೆ, ನೀರು ಬಂದ ಸಮಯ, ನಿಂತ ಸಮಯ, ಬಕೆಟ್ ತುಂಬಲು ಹಿಡಿದ ಸೆಕೆಂಡುಗಳು. ಆರನೆಯ ಅಂಕಣ ಸೇರಿಸುವ ಆಸೆ ನಿಮಗೆ ಬಂದೇ ಬರುತ್ತದೆ. ಸೇರಿಸಬೇಡಿ. ಅಂಕಣ ಹೆಚ್ಚಿದಷ್ಟೂ ಎರಡನೇ ವಾರದಲ್ಲಿ ಖಾಲಿ ಹಾಳೆಗಳು ಹೆಚ್ಚುತ್ತವೆ.

ಬಕೆಟ್ ಅಳತೆಯ ಲೆಕ್ಕ ಹೀಗೆ. 15 ಲೀಟರಿನ ಬಕೆಟ್ 60 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15 ಲೀಟರ್. 45 ನಿಮಿಷ ನೀರು ಬಂದರೆ 675 ಲೀಟರ್. ಐದು ಜನರ ಮನೆಗೆ ಮೂರು ದಿನಕ್ಕೊಮ್ಮೆ ಇಷ್ಟು ಬಂದರೆ ಒಬ್ಬರಿಗೆ ದಿನಕ್ಕೆ 45 ಲೀಟರ್. ಅದೇ ವಾಲ್ವ್‌ನ ಕೊನೆಯ ಮನೆಯಲ್ಲಿ ಬಕೆಟ್ ತುಂಬಲು 150 ಸೆಕೆಂಡ್ ಹಿಡಿದರೆ 45 ನಿಮಿಷಕ್ಕೆ 270 ಲೀಟರ್, ಒಬ್ಬರಿಗೆ ದಿನಕ್ಕೆ 18 ಲೀಟರ್. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಗೊತ್ತುಪಡಿಸಿದ ಪ್ರಮಾಣ ಒಬ್ಬರಿಗೆ ದಿನಕ್ಕೆ 55 ಲೀಟರ್. ಒಂದೇ ವಾಲ್ವ್, ಒಂದೇ ದಿನ, ಒಂದೇ ಹೊತ್ತು. ಆದರೂ ಎರಡು ಮನೆಗಳ ನಡುವೆ ಎರಡೂವರೆ ಪಟ್ಟು ವ್ಯತ್ಯಾಸ. ‘ನಿಮ್ಮ ಓಣಿಗೆ ನೀರು ಬಿಟ್ಟಿದ್ದೇವಲ್ಲ’ ಎಂಬ ಮಾತು ನಿಜವೇ ಆಗಿದ್ದರೂ ಸಾಲದು ಎಂಬುದನ್ನು ತೋರಿಸಲು ಈ ಬಕೆಟ್ ಲೆಕ್ಕ ಬೇಕೇ ಬೇಕು.

ಹಾಳೆ ಬರೆಯುವವರಿಗೆ ಒಂದು ಮಾತನ್ನು ಮೊದಲ ದಿನವೇ ಮನವರಿಕೆ ಮಾಡಿ: ನೀರು ಬರಲಿಲ್ಲ ಎಂಬುದು ಬೇರೆ, ನಾವು ಬರೆಯಲಿಲ್ಲ ಎಂಬುದು ಬೇರೆ. ನೀರು ಬಾರದ ದಿನ ದಿನಾಂಕ ಹಾಕಿ ದೊಡ್ಡದಾಗಿ ಸೊನ್ನೆ ಬರೆಯಬೇಕು. ಊರಿಗೆ ಹೋಗಿದ್ದರೆ, ಮದುವೆ ಇದ್ದರೆ, ಮರೆತಿದ್ದರೆ ಅಡ್ಡಗೆರೆ ಎಳೆಯಬೇಕು. ಖಾಲಿ ಬಿಟ್ಟ ಜಾಗ ಸಭೆಯಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಕನಿಷ್ಠ 30 ದಿನ ಬರೆಯಿರಿ. ಒಂದು ವಾರದ ಲೆಕ್ಕದಲ್ಲಿ ಮೋಟಾರು ಸುಟ್ಟ ಎರಡು ದಿನ ಸೇರಿದರೂ ಚಿತ್ರವೇ ಬದಲಾಗುತ್ತದೆ. ಏಪ್ರಿಲ್‌ನಲ್ಲಿ ಒಂದು ತಿಂಗಳು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ತಿಂಗಳು ಬರೆದರೆ ಬೇಸಿಗೆಯ ಕೊರತೆ ಯಾವುದು, ವರ್ಷವಿಡೀ ಇರುವ ದೋಷ ಯಾವುದು ಎಂದು ಬೇರ್ಪಡುತ್ತದೆ.

ಎಚ್ಚರಿಕೆಯ ಚಿಹ್ನೆ: ಹಾಳೆಯಲ್ಲಿ ಎಲ್ಲ ಸಮಯವೂ 6:00, 6:30, 7:00 ಎಂದು ಗಂಟೆ, ಅರ್ಧ ಗಂಟೆಗೇ ಸರಿಯಾಗಿ ಕಂಡರೆ, ಇಡೀ ವಾರ ಒಂದೇ ಶಾಯಿಯಲ್ಲಿ ಒಂದೇ ಓಟದಲ್ಲಿ ಬರೆದಂತಿದ್ದರೆ, ಅದು ಶನಿವಾರ ಸಂಜೆ ನೆನಪಿನಿಂದ ತುಂಬಿದ ಹಾಳೆ. ಬೈಯಬೇಡಿ. ಆ ವಾರವನ್ನು ಲೆಕ್ಕದಿಂದ ಬಿಟ್ಟು, ಮುಂದಿನ ವಾರ ಎರಡು ಸಲ ಅವರ ಮನೆಗೆ ಹೋಗಿ ಬನ್ನಿ.

ಹಂತ 5: ನೀರಿನ ಗುಣವನ್ನೂ ನೋಡಿ, ಆದರೆ ಬೇರೆ ಹಾಳೆಯಲ್ಲಿ

ಗದಗ ಜಿಲ್ಲೆಯಲ್ಲಿ, ವಿಶೇಷವಾಗಿ ಮುಂಡರಗಿ ಭಾಗದ ಕೊಳವೆಬಾವಿಗಳಲ್ಲಿ, ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎನ್ನುತ್ತದೆ ಭಾರತೀಯ ಮಾನಕ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಇಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಯಾರೋ ಟಿಡಿಎಸ್ ಮೀಟರ್ ತಂದು ನೀರಿಗೆ ಅದ್ದಿ ‘ಫ್ಲೋರೈಡ್ ಇಲ್ಲ’ ಎಂದುಬಿಡುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ಒಳಹರಿವು ಮತ್ತು ಹೊರಹರಿವನ್ನು ಹೋಲಿಸಲು ಅದನ್ನು ಬಳಸಿ: ಎರಡೂ ಸಂಖ್ಯೆಗಳು ವಾರದಿಂದ ವಾರಕ್ಕೆ ಹತ್ತಿರವಾಗುತ್ತಿದ್ದರೆ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಸೋತಿದೆ ಎಂದರ್ಥ. ಫ್ಲೋರೈಡ್‌ಗೆ ಕ್ಷೇತ್ರ ಪರೀಕ್ಷಾ ಕಿಟ್ ಬೇಕು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಈ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ಜಲಜೀವನ್ ಮಿಷನ್ ಹೇಳುತ್ತದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಕಿಟ್‌ನ ಬಣ್ಣ ಅಂದಾಜು ಮಾತ್ರ. ಸಂಶಯ ಬಂದ ಮಾದರಿಯನ್ನು ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಿ, ಲಿಖಿತ ವರದಿ ಪಡೆಯಿರಿ.

ಹಂತ 6: ಸರಾಸರಿಯನ್ನು ನಂಬಬೇಡಿ

ಒಂದು ಮನೆಗೆ ನೀರು 3, 3, 4, 3, 12 ದಿನಗಳ ಅಂತರದಲ್ಲಿ ಬಂದಿದೆ ಎಂದುಕೊಳ್ಳಿ. ಸರಾಸರಿ 5 ದಿನ. ಆದರೆ ಐದು ದಿನಕ್ಕೊಮ್ಮೆ ನೀರು ಬಂದದ್ದು ಒಂದು ಸಲವೂ ಇಲ್ಲ! ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಳ್ಳಿ: 3. ಅದರ ಪಕ್ಕದಲ್ಲಿ ಅತಿ ದೊಡ್ಡ ಅಂತರವನ್ನೂ ಬರೆಯಿರಿ: 12. ‘ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ, ಒಮ್ಮೆ ಮಾತ್ರ ಹನ್ನೆರಡು ದಿನ ಬಂದಿಲ್ಲ’ ಎಂದರೆ ಆ ಹನ್ನೆರಡು ದಿನ ಏನಾಯಿತು ಎಂಬ ಸರಿಯಾದ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಹಾಳೆಯಿಂದ ಗಣಕಯಂತ್ರಕ್ಕೆ ಒಬ್ಬರು ಏರಿಸಲಿ, ಇನ್ನೊಬ್ಬರು ಮೂಲ ಹಾಳೆ ಹಿಡಿದು ತಾಳೆ ನೋಡಲಿ. ಪ್ರತಿ ಹಾಳೆಯ ಫೋಟೊ ತೆಗೆದಿಡಿ. ಸಭೆಗೆ ಒಯ್ಯುವ ಪ್ರತಿಯಲ್ಲಿ ಮನೆಯವರ ಹೆಸರು, ಫೋನ್ ಸಂಖ್ಯೆ ಇರಬಾರದು. ‘4ನೇ ವಾಲ್ವ್, ಕೊನೆಯ ಮನೆ’ ಎಂದಿದ್ದರೆ ಸಾಕು. ನಿಮ್ಮನ್ನು ನಂಬಿ ಹಾಳೆ ಬರೆದ ಹೆಣ್ಣುಮಗಳು ನಾಳೆ ಯಾರ ಸಿಟ್ಟಿಗೂ ಗುರಿಯಾಗಬಾರದು.

ಹಂತ 7: ಗ್ರಾಮಸಭೆಗೂ ಮೊದಲು ವಾಟರ್‌ಮನ್‌ಗೆ ತೋರಿಸಿ

ಈ ಹಂತವನ್ನು ಬಿಟ್ಟವರೆಲ್ಲ ಸೋತಿದ್ದಾರೆ ಎಂದರೆ ಅತಿಶಯೋಕ್ತಿಯಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ 2010ರ ದಶಕದ ಆರಂಭದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ನೀರು ಬರುವ ಸಮಯವನ್ನು ಮನೆಗಳಿಗೆ ಎಸ್ಎಂಎಸ್ ಮೂಲಕ ಮೊದಲೇ ತಿಳಿಸುವ ವ್ಯವಸ್ಥೆ ಮಾಡಿತ್ತು. ವಾಲ್ವ್ ತೆರೆಯುವವರು ಒಂದು ಫೋನ್ ಕರೆ ಮಾಡಿ ತಿಳಿಸುತ್ತಿದ್ದರು, ಆ ಮಾಹಿತಿ ಸಂದೇಶವಾಗಿ ಹೋಗುತ್ತಿತ್ತು. ಎಷ್ಟೇ ಜಾಣ ತಂತ್ರಜ್ಞಾನವಿದ್ದರೂ ಕೊನೆಗೆ ಎಲ್ಲವೂ ನಿಂತಿದ್ದು ಬೆಳಗಿನ ಜಾವ ಕೈಯಲ್ಲಿ ಚಾವಿ ಹಿಡಿದು ನಿಂತ ಆ ಒಬ್ಬ ಮನುಷ್ಯ ಕರೆ ಮಾಡುವುದರ ಮೇಲೆ. ನಿಮ್ಮ ಊರಿನ ಲೆಕ್ಕವೂ ಹಾಗೆಯೇ.

ಮುಂಡರಗಿ ತಾಲ್ಲೂಕಿನ ಒಂದು ಊರಿನಲ್ಲಿ ನಾವು ತಿಂಗಳ ಹಾಳೆಗಳನ್ನು ಹಿರಿಯ ವಾಟರ್‌ಮನ್ ಒಬ್ಬರ ಮುಂದೆ ಗುಡಿಯ ಕಟ್ಟೆಯ ಮೇಲೆ ಹರಡಿದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಾಲ್ಕನೇ ವಾಲ್ವ್‌ನ ಸಾಲಿನ ಮೇಲೆ ಬೆರಳಿಟ್ಟು, ‘ತಮ್ಮಾ, ಇದು ಅರ್ಧಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಒಳಗಿನ ಕಡ್ಡಿ ಸವೆದು ಎರಡು ವರ್ಷವಾಯಿತು. ನಾನು ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ’ ಎಂದರು. ಆ ಓಣಿಯ ಜನ ಎರಡು ವರ್ಷದಿಂದ ಅವರನ್ನೇ ಬೈಯುತ್ತಿದ್ದರು. ಮರುದಿನ ಅವರೇ ಚಾವಿ ತಂದು, ಎಷ್ಟು ಸುತ್ತು ತಿರುಗಬೇಕು, ಎಷ್ಟು ತಿರುಗುತ್ತಿದೆ ಎಂದು ಎಣಿಸಿ ತೋರಿಸಿದರು. ನಮ್ಮ ನೂರಾರು ಸಾಲುಗಳ ಲೆಕ್ಕಕ್ಕೆ ಕಾರಣ ಸಿಕ್ಕಿದ್ದು ಅಲ್ಲಿ.

ಲೆಕ್ಕವನ್ನು ಅವರ ಮೇಲಿನ ಆರೋಪಪಟ್ಟಿಯಾಗಿಸಬೇಡಿ. ಅವರಿಗೆ ವೇತನ ಸರಿಯಾಗಿ ಬರುತ್ತಿದೆಯೇ, ಒಬ್ಬರೇ ಎಷ್ಟು ವಾಲ್ವ್ ನೋಡಿಕೊಳ್ಳುತ್ತಾರೆ, ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿ, ಉತ್ತರಗಳನ್ನೂ ಹಾಳೆಯ ಜೊತೆಗಿಡಿ. ಇದಾದ ಮೇಲೆ ಅದೇ ಹಾಳೆಯನ್ನು ಪಿಡಿಒ ಮತ್ತು ನಿಮ್ಮ ವಾರ್ಡಿನ ಸದಸ್ಯರಿಗೆ ತೋರಿಸಿ. ಸಭೆಯಲ್ಲಿ ಮೊದಲ ಬಾರಿಗೆ ಕೇಳುವ ಸುದ್ದಿಗೆ ಯಾವ ಅಧಿಕಾರಿಯೂ ಒಪ್ಪಿಗೆ ಕೊಡುವುದಿಲ್ಲ.

ಹಂತ 8: ಠರಾವನ್ನು ನೀವೇ ಬರೆದುಕೊಂಡು ಹೋಗಿ

ಒಂದು ಪುಟ ಮೀರಬಾರದು. ಮೇಲೆ ನಕಾಶೆ, ನಡುವೆ ವಾಲ್ವ್ ಪ್ರಕಾರ ಒಂದು ಕೋಷ್ಟಕ, ಕೆಳಗೆ ಠರಾವಿನ ಕರಡು. ಮಾದರಿ ಹೀಗಿರಲಿ:

‘ಗ್ರಾಮದ 4ನೇ ವಾಲ್ವ್‌ನ ವ್ಯಾಪ್ತಿಯಲ್ಲಿ ಏಪ್ರಿಲ್ ತಿಂಗಳ 30 ದಿನಗಳಲ್ಲಿ 7 ದಿನ ಮಾತ್ರ ನೀರು ಬಂದಿದ್ದು, ಇದೇ ಅವಧಿಯಲ್ಲಿ 1ನೇ ವಾಲ್ವ್‌ನ ವ್ಯಾಪ್ತಿಯಲ್ಲಿ 14 ದಿನ ಬಂದಿರುತ್ತದೆ. ನೋಂದಣಿ ಹಾಳೆಗಳ ಪ್ರತಿ ಲಗತ್ತಿಸಿದೆ. 4ನೇ ವಾಲ್ವ್ ಬದಲಿಸುವುದು ಹಾಗೂ ನೀರು ಬಿಡುವ ಸರದಿ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಈ ಎರಡೂ ಕೆಲಸಗಳನ್ನು 30 ದಿನಗಳೊಳಗೆ ಪೂರ್ಣಗೊಳಿಸಿ ಮುಂದಿನ ಸಭೆಯಲ್ಲಿ ವರದಿ ಮಂಡಿಸಲು ಸಭೆ ತೀರ್ಮಾನಿಸಿತು.’

ಕೆಲಸ, ಜಾಗ, ಗಡುವು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಠರಾವು ಕಾಗದದಲ್ಲೇ ಉಳಿಯುತ್ತದೆ. ‘ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಪದಗಳನ್ನು ಯಾರಾದರೂ ಸೇರಿಸಲು ಹೊರಟರೆ ಒಪ್ಪಬೇಡಿ.

ಹಂತ 9: ಸರಿಯಾದ ಸಭೆಗೆ, ಸರಿಯಾದ ತಿಂಗಳಲ್ಲಿ ಹೋಗಿ

ವಾರ್ಡ್ ಸಭೆ ಮತ್ತು ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆ ದಾಖಲಾಗಲಿ, ಆಮೇಲೆ ಗ್ರಾಮಸಭೆ. ಮುಂದಿನ ವರ್ಷದ ಯೋಜನೆ ತಯಾರಿಸುವ ಜನ ಯೋಜನಾ ಅಭಿಯಾನ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಹಣ ಬೇಕಾಗುವ ಕೆಲಸವಿದ್ದರೆ ನಿಮ್ಮ ಹಾಳೆ ಸೆಪ್ಟೆಂಬರ್ ಕೊನೆಗೇ ಸಿದ್ಧವಿರಬೇಕು. ಫೆಬ್ರುವರಿಯಲ್ಲಿ ಒಯ್ದರೆ ‘ಕ್ರಿಯಾ ಯೋಜನೆ ಮುಗಿದಿದೆ’ ಎಂಬ ಉತ್ತರ ಸಿಗುತ್ತದೆ, ಆ ಉತ್ತರ ಸುಳ್ಳೂ ಅಲ್ಲ. ಸರದಿ ಬದಲಾವಣೆಯಂತಹ ಖರ್ಚಿಲ್ಲದ ಕೆಲಸಕ್ಕೆ ಈ ಗಡುವಿಲ್ಲ.

ಒಪ್ಪಿದರೆ, ಸಭೆಗೆ ಹಾಳೆ ಬರೆದ ಮಹಿಳೆಯರೇ ಬಂದು ಮಾತಾಡಲಿ. ಠರಾವು ನಡಾವಳಿ ಪುಸ್ತಕದಲ್ಲಿ ಬರೆಯುವುದನ್ನು ಕಣ್ಣಾರೆ ನೋಡಿ, ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಮಾಡಿ. ಖಾಲಿ ಪುಟಕ್ಕೆ ಹಾಜರಾತಿ ಸಹಿ ಕೇಳಿ ‘ನಂತರ ಬರೆಯುತ್ತೇವೆ’ ಎಂದರೆ ಅದು ದೊಡ್ಡ ಎಚ್ಚರಿಕೆಯ ಗಂಟೆ. ಅರ್ಜಿಯ ಒಂದು ಪ್ರತಿಯ ಮೇಲೆ ಆವಕ ಸಂಖ್ಯೆ (ಕಚೇರಿ ಅರ್ಜಿ ಸ್ವೀಕರಿಸಿದ ಸಂಖ್ಯೆ), ದಿನಾಂಕ, ಮೊಹರು ಹಾಕಿಸಿಕೊಳ್ಳಿ.

ಹಂತ 10: ಬೆನ್ನು ಬಿಡಬೇಡಿ

ಗಡುವು ಮುಗಿದ ಮರುದಿನವೇ ಪಂಚಾಯಿತಿಗೆ ಹೋಗಿ ಕೇಳಿ. ಹಣದ ಕೆಲಸವಾಗಿದ್ದರೆ ಇ-ಗ್ರಾಮಸ್ವರಾಜ್‌ನ ಯೋಜನೆಯಲ್ಲಿ ಅದು ಸೇರಿದೆಯೇ ನೋಡಿ. ಬಾಯಿಮಾತಿನ ಉತ್ತರ ಎರಡು ಸಲ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರದ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರದಂತಿರಬೇಕು. ‘ಏಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಇಂಥ ದಿನಾಂಕದ ಠರಾವಿನ ಪ್ರತಿ, ಅದರ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ವೋಚರ್ ಮತ್ತು ಅಳತೆ ಪುಸ್ತಕದ ಪುಟಗಳ ಪ್ರತಿ’ ಎಂದು ದಾಖಲೆಗಳ ಹೆಸರು ಹೇಳಿ ಕೇಳಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಖರ್ಚಿನ ದಾಖಲೆಗಳನ್ನು ಜನರ ಮುಂದಿಡುವ ದಿನ ಅದು. ನಿಮ್ಮ ಹಂತ 2ರ ಪಟ್ಟಿಯನ್ನು ಅಂದು ಕೈಯಲ್ಲಿ ಹಿಡಿದು ಹೋಗಿ.

ವಾಲ್ವ್ ಬದಲಾದ ದಿನ ಹಾಳೆಗಳನ್ನು ಗೋಡೆಯಿಂದ ಇಳಿಸಬೇಡಿ. ಇನ್ನೂ 30 ದಿನ ಅದೇ ಮನೆಗಳಲ್ಲಿ, ಅದೇ ಬಕೆಟ್‌ನಿಂದ ಅಳೆಯಿರಿ. ನಾಲ್ಕನೆಯ ವಾಲ್ವ್ ಸರಿಯಾದಾಗ ಒತ್ತಡ ಕಡಿಮೆಯಾಗಿ ಐದನೆಯದಕ್ಕೆ ಬರುವ ನೀರು ತಗ್ಗಿರುವುದನ್ನು ನಾನು ನೋಡಿದ್ದೇನೆ. ಹಾಗಾಗಿದ್ದರೆ ಸರದಿಯ ಸಮಯವನ್ನು ಮತ್ತೆ ಹೊಂದಿಸಬೇಕು. ಅದಕ್ಕೆ ಬೇಕಾದ ಸಂಖ್ಯೆ ಐದನೆಯ ವಾಲ್ವ್‌ನ ಕೊನೆಯ ಮನೆಯ ಹಾಳೆಯಲ್ಲಿರುತ್ತದೆ.